ನಾಯಿ ಕಟ್ಟೀರೇನ್ರಿ?

ಸಂಶಿಯಲ್ಲಿ ನಾವಿದ್ದ ವಾಡೆಗೆ ಒಂದೇ ತಲೆಬಾಗಿಲು, ಒಳಗೆ ಮೂರು ಸಂಸಾರ. ಮಾಲೀಕರು ಊರ ಹೊರಗೆ ಹೊಸ ಮನೆ ಕಟ್ಟಿಕೊಂಡು ಹೋದ ಮೇಲೆ ಹಳೆಯ ವಾಡೆಯನ್ನು ಹಂಚಿ ಬಾಡಿಗೆಗೆ ಕೊಟ್ಟಿದ್ದರು. ತಲೆಬಾಗಿಲು ದಾಟಿದರೆ ಕಲ್ಲು ಹಾಸಿದ ಉದ್ದನೆಯ ಅಂಗಳ. ಎಡಕ್ಕೆ ನಮ್ಮ ಮನೆ, ಬಲಕ್ಕೆ ಟಪಾಲು ಹಂಚುವ ಗುರಪ್ಪ ಕಾಕಾನ ಮನೆ, ಅಂಗಳದ ಆ ತುದಿಯಲ್ಲಿ ಒಂದು ಕೋಣೆ ಮತ್ತು ಒಂದು ಅಡುಗೆಮೂಲೆಯ ಗಿರಿಜಕ್ಕೋರ ಮನೆ. ಗುರಪ್ಪ ಕಾಕಾನ ಬಾಜೂಕಿನ ಒಂದು ಕೋಣೆಯನ್ನು ಮಾತ್ರ ಮಾಲೀಕರು ತಮಗಾಗಿ ಇಟ್ಟುಕೊಂಡಿದ್ದರು. ಹತ್ತಿ ಬಿಡಿಸುವ ದಿನಗಳಲ್ಲಿ ಅದು ಜಂತಿಯವರೆಗೂ ತುಂಬುತ್ತಿತ್ತು. ಅದರ ಬಾಗಿಲ ಸಂದಿಯಿಂದ ನವಿರಾದ ಎಳೆಗಳು ಹೊರಬಂದು, ಮಧ್ಯಾಹ್ನದ ಬಿಸಿಲಿನಲ್ಲಿ, ಯಾರೂ ಊದದಿದ್ದರೂ ತೇಲುತ್ತಿದ್ದವು. ಅವ್ವ ಒಣಹಾಕಿದ ಹಪ್ಪಳದ ಮೇಲೆ, ನನ್ನ ಜಡೆಯ ಮೇಲೆ, ಕುಡಿಯುವ ನೀರಿನ ಕೊಡದ ಬಾಯಿಗೆ ಕಟ್ಟಿದ ಬಟ್ಟೆಯ ಮೇಲೆ ಬಂದು ಕೂರುತ್ತಿದ್ದವು. ನನಗೆ ಆಗ ಒಂಬತ್ತು ವರ್ಷ. ಊಟವಾದ ಮೇಲೆ ಪಡಸಾಲೆಯ ತಣ್ಣನೆಯ ನೆಲಕ್ಕೆ ಕೆನ್ನೆ ಹಚ್ಚಿ ಮಲಗಿ, ಆ ಎಳೆಗಳು ಎಲ್ಲಿಂದ ಎಲ್ಲಿಗೆ ಹೋಗುತ್ತವೆ ಎಂದು ನೋಡುತ್ತಾ ನೋಡುತ್ತಾ ನಿದ್ದೆ ಹೋಗುತ್ತಿದ್ದೆ. ನಿದ್ದೆಯಲ್ಲಿ ಎಳೆಗಳು ಮುಂದುವರಿಯುತ್ತಿದ್ದವು. ಹೀಗಾಗಿ ಆ ವರ್ಷಗಳಲ್ಲಿ ಯಾವುದನ್ನು ಎಚ್ಚರದಲ್ಲಿ ನೋಡಿದೆ, ಯಾವುದನ್ನು ನಿದ್ದೆಯಲ್ಲಿ ಕಂಡೆ ಎಂದು ಇಂದಿಗೂ ಖಚಿತವಾಗಿ ಹೇಳಲಾರೆ. ಒಂದು ಸಂಜೆ ಮಾತ್ರ ಕನಸಲ್ಲ. ಕನಸಾಗಿದ್ದರೆ ಚೆನ್ನಾಗಿತ್ತು ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಮೋತ್ಯಾ ನಮ್ಮ ಮನೆಗೆ ಬಂದದ್ದು ಅಪ್ಪನ ಕೈಚೀಲದಲ್ಲಿ. ಸುಗ್ಗಿ ಮುಗಿದ ಹೊಲಗಳಲ್ಲಿ ಕುರಿ ತರುಬಿ ನಿಲ್ಲಿಸುವ ಕುರುಬರ ಹತ್ತಿರ ಅದನ್ನು ಅಪ್ಪ ಕೇಳಿ ಪಡೆದಿದ್ದ. ಅಪ್ಪ ಹೈಸ್ಕೂಲ ಮಾಸ್ತರ. ಊರಿನಲ್ಲೆಲ್ಲ ಬಿಗಿ ಮೋರೆಯವನೆಂದು ಹೆಸರು. ಆ ದಿನ ಮಾತ್ರ ಚೀಲದ ಬಾಯಿ ಬಿಚ್ಚಿ ತೋರಿಸುವಾಗ ನನಗಿಂತ ಸಣ್ಣವನ ಹಾಗೆ ಕಂಡ. ಕಂದು ಬಣ್ಣದ, ಹಾಲಿನ ವಾಸನೆಯ, ಅಂಗೈಯಷ್ಟು ನಾಯಿಮರಿ. ಅದನ್ನು ಅಂಗಳಕ್ಕೆ ಬಿಟ್ಟು ಎಲ್ಲರೂ ಸುತ್ತ ಕುಳಿತಿದ್ದೆವು. ಅದೇ ಹೊತ್ತಿಗೆ ಗಿರಿಜಕ್ಕೋರು ಶಾಲೆಯಿಂದ ಬಂದರು. ಅವರು ಕನ್ನಡ ಶಾಲೆಯ ಶಿಕ್ಷಕಿ; ನಮಗಿಂತ ಎರಡು ವರ್ಷ ಮೊದಲಿನಿಂದಲೂ ಆ ಕೋಣೆಯಲ್ಲಿ ಒಬ್ಬರೇ ಇದ್ದರು. ಎತ್ತರದ ಹೆಂಗಸು, ನೆಟ್ಟನೆಯ ನಡಿಗೆ, ಶಾಲೆಯಲ್ಲಿ ಅವರ ನೆರಳು ಬಿದ್ದರೆ ಗದ್ದಲ ನಿಲ್ಲುತ್ತಿತ್ತು. ಅಂಥವರು ತಲೆಬಾಗಿಲ ಹೊಸ್ತಿಲ ಮೇಲೆ ನಿಂತವರು ನಿಂತೇಬಿಟ್ಟರು. ಕೊಡೆಯನ್ನು ಎದೆಗೆ ಅವಚಿಕೊಂಡಿದ್ದರು. ಮುಖದಲ್ಲಿ ರಕ್ತವೇ ಇರಲಿಲ್ಲ. ಗುರಪ್ಪ ಕಾಕಾ ನಕ್ಕ.

"ಹಾಲ ಕುಡಿಯೋ ಮರಿರೀ ಅಕ್ಕೋರ, ಏನೂ ಮಾಡಂಗಿಲ್ಲ, ಬರ್ರಿ."

"ಗೊತ್ತೈತ್ರಿ," ಅಂದರು ಅಕ್ಕೋರು. "ಗೊತ್ತಿದ್ರೂ ನನಗ ಆಗಂಗಿಲ್ಲ."

ಅಪ್ಪ ಮರಿಯನ್ನೆತ್ತಿಕೊಂಡು ಒಳಗೆ ಬಂದ. ಅಕ್ಕೋರು ಗೋಡೆ ಹಿಡಿದಂತೆ ನಡೆದು ಅಂಗಳ ದಾಟಿ ತಮ್ಮ ಬಾಗಿಲು ಹಾಕಿಕೊಂಡರು. ಆ ಸಂಜೆ ಅವ್ವ ರೊಟ್ಟಿ ಬಡಿಯುತ್ತಿದ್ದಳು, ಅಪ್ಪ ಒಲೆಯ ಮುಂದೆ ಮರಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ.

"ಇಷ್ಟ ಓದಿದ ಹೆಣಮಗಳು, ಯಾಕ ಇಷ್ಟ ಅಂಜತಾರೋ ಏನೋ. ಸಣ್ಣಾಕಿದ್ದಾಗ ಏನರೆ ಕಡದಿತ್ತೇನೋ, ಕೇಳಬೇಕು," ಅಂದ ಅಪ್ಪ.

ಅವ್ವನ ಕೈ ನಿಂತಿತು.

"ಏನೂ ಕೇಳಬ್ಯಾಡ್ರಿ. ಅಂಜಿದವರನ್ನ ಕುಂದರಿಸಿ ವಿಚಾರಣಿ ಮಾಡ್ತಾರೇನು? ಅವರು ಅಂಜತಾರ, ಅಷ್ಟ ಸಾಕು. ನಾಯಿ ನಮ್ಮದು, ಕಟ್ಟೂ ಕೆಲಸ ನಮ್ಮದು." ಆಮೇಲೆ ನನ್ನ ಕಡೆ ತಿರುಗಿ, "ಮತ್ತ ನೀ ಕೇಳ ಶಕ್ಕು. 'ಏನೂ ಮಾಡಂಗಿಲ್ಲ ಬರ್ರಿ' ಅಂತ ಈ ಮನ್ಯಾಗ ಯಾರೂ ಅನಬಾರದು. 'ಕಟ್ಟೇವಿ, ಬರ್ರಿ' ಅನ್ನಬೇಕು. ಮೊದಲನೇದು ನಾಯಿ ಕಡೆ ಮಾತು. ಎರಡನೇದು ಅವರ ಕಡೆ ಮಾತು," ಅಂದಳು.

ಹೀಗೆ ನಮ್ಮ ವಾಡೆಯಲ್ಲಿ ಒಂದು ಪದ್ಧತಿ ಶುರುವಾಯಿತು. ಸಂಜೆ ಐದೂವರೆಗೆ ಅಕ್ಕೋರು ತಲೆಬಾಗಿಲ ಹೊರಗೆ ನಿಂತು, ರಾಗ ಎಳೆದಂತೆ, "ನಾಯಿ ಕಟ್ಟೀರೇನ್ರೀ?" ಎಂದು ಕೂಗುವರು. ನಮ್ಮ ಮನೆಯೊಳಗಿಂದ ಅವ್ವನೋ ಅಪ್ಪನೋ, "ಕಟ್ಟೇವ್ರೀ, ಬರ್ರೀ," ಅನ್ನುವರು. ಬಿಟ್ಟಿದ್ದರೆ ಮೊದಲು ಓಡಿಹೋಗಿ ನಮ್ಮ ಕಟ್ಟೆಯ ಪಕ್ಕದ ಕಬ್ಬಿಣದ ಬಳೆಗೆ ಹಗ್ಗ ಬಿಗಿದು ಆಮೇಲೆ ಉತ್ತರ ಕೊಡಬೇಕು. ಅಕ್ಕೋರು ನಾಯಿಗೆ ಬೆನ್ನು ಕೊಡದೆ ಅಂಗಳ ದಾಟಿ, ಒಳಗಿನಿಂದ ಅಗಳಿ ಹಾಕಿಕೊಂಡು, ಮರುಕ್ಷಣವೇ, "ಬಿಡ್ರಿ ಅದನ್ನ," ಅನ್ನುವರು. ತಮ್ಮಿಂದಾಗಿ ನಾಯಿ ಹೆಚ್ಚು ಹೊತ್ತು ಕಟ್ಟಿಸಿಕೊಂಡಿರಬಾರದೆಂದು ಅವರಿಗೆ ಅವಸರ. ಕೊಡ ಹಿಡಿದು ಬಾವಿಗೆ ಹೋಗುವಾಗ, ಬಟ್ಟೆ ಒಣಹಾಕುವಾಗ, ಇದೇ ಕೂಗು, ಇದೇ ಉತ್ತರ. ವರ್ಷ ಕಳೆದು ಮೋತ್ಯಾ ನನ್ನ ಸೊಂಟದವರೆಗೆ ಬೆಳೆಯಿತು. ಕೂಗು ಮಾತ್ರ ಹಾಗೆಯೇ ಉಳಿಯಿತು. ಅಕ್ಕೋರು ಅದನ್ನು ಒಮ್ಮೆಯೂ ಬೈಯಲಿಲ್ಲ. ಬೀಗರ ಮನೆಯವರನ್ನು ವಿಚಾರಿಸುವ ಹಾಗೆ ಅವ್ವನನ್ನು ಕೇಳುತ್ತಿದ್ದರು, "ಅದಕ್ಕ ಊಟ ಆತೇನ್ರಿ?" ಒಣಗಿದ ರೊಟ್ಟಿಗಳನ್ನು ಕಾಗದದಲ್ಲಿ ಸುತ್ತಿ ತಮ್ಮ ಹೊಸ್ತಿಲ ಹೊರಗೆ ಇಟ್ಟು ಬಾಗಿಲು ಹಾಕಿಕೊಳ್ಳುತ್ತಿದ್ದರು. ನಾನು ಅದನ್ನು ತಂದು ಮಜ್ಜಿಗೆಯಲ್ಲಿ ನೆನೆಸಿ ಹಾಕುತ್ತಿದ್ದೆ. ತನಗೆ ರೊಟ್ಟಿ ಕೊಡುವ ಕೈ ಯಾವುದೆಂದು ಮೋತ್ಯಾಗೆ ವಾಸನೆಯಿಂದಲೇ ಗೊತ್ತಾಗಿರಬೇಕು. ಅಕ್ಕೋರ ದನಿ ಕೇಳಿದರೆ ಸಾಕು, ಕಟ್ಟಿದಲ್ಲೇ ನಿಂತು ಬಾಲ ಆಡಿಸುತ್ತಿತ್ತು. ಆ ಪ್ರೀತಿಯೇ ಅವರಿಗೆ ಎಲ್ಲಕ್ಕಿಂತ ಹೆದರಿಕೆಯದು.

ನಾನು ನಾಲ್ಕನೆಯ ಇಯತ್ತೆಗೆ ಬಂದಾಗ ಗಿರಿಜಕ್ಕೋರೇ ನನ್ನ ವರ್ಗಕ್ಕೆ ಬಂದರು. ಹಗಲೆಲ್ಲ ನಾನು ಅವರಿಗೆ ಅಂಜಬೇಕು, ಸಂಜೆ ಅವರು ನನ್ನ ನಾಯಿಗೆ ಅಂಜಬೇಕು. ಈ ಹೊಂದಿಕೆ ನನಗೆ ಒಳಗೊಳಗೇ ಮಜಾ ಅನ್ನಿಸುತ್ತಿತ್ತು. ಅವರು ಶಾಲೆಯಲ್ಲಿ ನನಗೆ ಯಾವ ರಿಯಾಯಿತಿಯನ್ನೂ ತೋರಲಿಲ್ಲ. ಒಂದು ದಿನ ಲೆಕ್ಕ ಹಾಕಿದರು. ನನ್ನ ಪಾಟಿಯಲ್ಲೂ ನನ್ನ ಪಕ್ಕದ ಸುಂದ್ರಿಯ ಪಾಟಿಯಲ್ಲೂ ಉತ್ತರ ಒಂದೇ, ತಪ್ಪೂ ಒಂದೇ. ಯಾರು ಯಾರದನ್ನು ನೋಡಿದ್ದೆಂದು ಕೇಳಿದಾಗ ಸುಂದ್ರಿ ನನ್ನತ್ತ ಬೆರಳು ಮಾಡಿದಳು. ನೋಡಿ ಬರೆದವಳು ಅವಳು. ನಾನು ಹಾಗೆಯೇ ಹೇಳಿದೆ.

"ಮಾಸ್ತರ ಮಗಳು ನೀನು," ಅಂದರು ಅಕ್ಕೋರು. ಏರಿಸಿದ ದನಿಯಲ್ಲ, ಅದಕ್ಕೇ ಹೆಚ್ಚು ಚುಚ್ಚಿತು. "ಸುಳ್ಳ ಹೇಳೂದ ಯಾವಾಗ ಕಲತಿ?"

"ನಾ ಖರೇ ಹೇಳಾಕತ್ತೀನ್ರಿ."

"ಗ್ವಾಡಿ ಕಡೆ ಮುಖಾ ಮಾಡಿ ನಿಂದ್ರು."

ಶಾಲೆ ಬಿಡುವ ಗಂಟೆಯಾಗುವವರೆಗೂ ನಿಂತೆ. ಸುಣ್ಣದ ಗೋಡೆ, ಅದರಲ್ಲೊಂದು ಬಿರುಕು, ಬಿರುಕಿನೊಳಗೆ ಹೋಗಿ ಬರುವ ಇರುವೆಗಳು. ಬೆನ್ನ ಹಿಂದೆ ಯಾರೋ ಕಿಸಕ್ಕನೆ ನಕ್ಕ ಸದ್ದು. ಮನೆಗೆ ಬಂದಾಗ ಅಪ್ಪ ಕುಂದಗೋಳಕ್ಕೆ ಹೋಗಿದ್ದ. ಅವ್ವ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ನಾನು ಕೈಕಾಲು ಸಹ ತೊಳೆಯದೆ ಕಟ್ಟೆಯ ಮೇಲೆ ಕುಳಿತೆ. ಬೆಳಿಗ್ಗೆ ಅಪ್ಪ ಕಟ್ಟಿಹೋಗಿದ್ದ ಮೋತ್ಯಾನನ್ನು ಬಂದೊಡನೆ ಬಿಟ್ಟಿದ್ದೆ; ಅದು ಬಂದು ನನ್ನ ಪಾದದ ಮೇಲೆ ಗದ್ದ ಇಟ್ಟು ಮಲಗಿತು. ಅಂಗಳದಲ್ಲಿ ಹತ್ತಿಯ ಎಳೆಗಳು ತೇಲುತ್ತಿದ್ದವು. ಬಿಸಿಲು ಗುರಪ್ಪ ಕಾಕಾನ ಗೋಡೆಯನ್ನು ಅರ್ಧ ಏರಿತ್ತು. ಎಲ್ಲವೂ ಎಷ್ಟು ಶಾಂತವಾಗಿತ್ತೆಂದರೆ, ಶಾಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತವಳು ಬೇರೆ ಯಾರೋ ಅನ್ನಿಸುತ್ತಿತ್ತು. ಆಗ ತಲೆಬಾಗಿಲ ಹೊರಗಿನಿಂದ ಆ ಕೂಗು ಬಂತು.

"ನಾಯಿ ಕಟ್ಟೀರೇನ್ರೀ?"

ಮೋತ್ಯಾ ಕಿವಿ ನಿಮಿರಿಸಿತು. ಹಗ್ಗ ಬಳೆಯಲ್ಲಿ ಜೋತುಬಿದ್ದಿತ್ತು, ನನ್ನಿಂದ ಒಂದು ಮಾರು ದೂರ. ನಾನು ಅದನ್ನು ನೋಡಿದೆ. ನೋಡಿಯೂ, ಅವ್ವನ ದನಿಯನ್ನು ಹಾಗೆಯೇ ತೆಗೆದು, ಅವ್ವ ಎಳೆಯುವಷ್ಟೇ ಎಳೆದು, ಹೇಳಿದೆ:

"ಕಟ್ಟೇವ್ರೀ, ಬರ್ರೀ."

ಅಕ್ಕೋರು ನಿಶ್ಚಿಂತೆಯಿಂದ ಒಳಗೆ ಬಂದರು. ಒಂದು ಕೈಯಲ್ಲಿ ಕೊಡೆ, ಇನ್ನೊಂದು ತೋಳಿನಲ್ಲಿ ತಿದ್ದಬೇಕಾದ ಪುಸ್ತಕಗಳು. ಅಂಗಳದ ನಡುವಿಗೆ ಬರುವ ಹೊತ್ತಿಗೆ ಮೋತ್ಯಾ ಎದ್ದು ಓಡಿತು. ಬೊಗಳಲಿಲ್ಲ. ಎಷ್ಟೋ ದಿನಗಳಿಂದ ಕಾಯುತ್ತಿದ್ದ ಭೆಟ್ಟಿ ಅದಕ್ಕೆ. ಇಡೀ ಮೈಯನ್ನೇ ಬಾಲದಂತೆ ಆಡಿಸುತ್ತಾ ಹೋಯಿತು. ಅಕ್ಕೋರು ಕಿರುಚುತ್ತಾರೆಂದು ನಾನು ಕಾದಿದ್ದೆ. ಅವರು ಕಿರುಚಲಿಲ್ಲ. ಗಂಟಲಲ್ಲಿ ಒಂದು ಸಣ್ಣ ಸದ್ದು ಬಂತು, ಅಷ್ಟೆ. ಹಿಂದಕ್ಕೆ ಸರಿಯಲು ಹೋಗಿ ದನಗಳಿಗೆ ನೀರು ಕುಡಿಸುವ ಕಲ್ಲಿನ ದೋಣಿಗೆ ಕಾಲು ತಾಗಿ, ಬಲಗೈ ಊರಿ ಬಿದ್ದರು. ಪುಸ್ತಕಗಳು ಚೆಲ್ಲಿದವು. ಮೋತ್ಯಾ ಗಾಬರಿಯಾಗಿ ನಿಂತು, ಒಮ್ಮೆ ಅವರನ್ನೂ ಒಮ್ಮೆ ನನ್ನನ್ನೂ ನೋಡಿತು. ಅಕ್ಕೋರು ಮಾತ್ರ ನಾಯಿಯನ್ನು ನೋಡುತ್ತಿರಲಿಲ್ಲ. ಬಿದ್ದಲ್ಲಿಂದಲೇ ಕತ್ತೆತ್ತಿ ಕಟ್ಟೆಯ ಮೇಲೆ ಕುಳಿತಿದ್ದ ನನ್ನನ್ನು ನೋಡುತ್ತಿದ್ದರು. ಸಿಟ್ಟಿರಲಿಲ್ಲ. ಕೇಳಿದ ಮಾತಿನ ಅರ್ಥ ಇನ್ನೂ ಆಗದವರ ಹಾಗೆ ನೋಡಿದರು.

ಸದ್ದಿಗೆ ಅವ್ವ ಒದ್ದೆ ಕೈಯಲ್ಲೇ ಓಡಿ ಬಂದಳು.

"ಅಯ್ಯ ನಮ್ಮವ್ವ! ಹೆಂಗ ಬಿಟ್ಟಗೊಂತಿದು? ಶಕ್ಕು, ಕಟ್ಟಿರಲಿಲ್ಲೇನ?"

"ಬಿಚ್ಚಗೊಂಡ ಬಂತಬೇ," ಅಂದೆ. ಎರಡನೆಯ ಸುಳ್ಳು ಮೊದಲನೆಯದಕ್ಕಿಂತ ಸಲೀಸಾಗಿ ಬಂತು.

ಅಕ್ಕೋರು ಕಣ್ಣು ಮುಚ್ಚಿಕೊಂಡು, "ಕಾಲ ಜಾರಿತ್ರಿ," ಅಂದರು.

ಮುಂಗೈ ಎಲುಬು ಮುರಿದಿತ್ತು. ಎಲುಬು ಕೂಡಿಸುವ ಅಜ್ಜ ಬಂದು ಬಿದಿರಿನ ಸೀಳುಗಳನ್ನಿಟ್ಟು ಬಟ್ಟೆ ಸುತ್ತಿ ಕಟ್ಟಿದ. ಒಂದೂವರೆ ತಿಂಗಳು ಕೈ ಅಲುಗಿಸಬಾರದು ಅಂದ. ಮರುದಿನದಿಂದ ಸಂಜೆಯ ಕೂಗು ನಿಂತಿತು. ಐದೂವರೆಯಾಯಿತು, ಆರಾಯಿತು, ಅಕ್ಕೋರು ಬಂದ ಸದ್ದೇ ಇಲ್ಲ. ನೋಡಿದರೆ ಕೋಣೆಯಲ್ಲಿ ದೀಪ. ಅವರು ವಾಡೆಯನ್ನು ಬಳಸಿಕೊಂಡು, ತಿಪ್ಪೆಯ ಪಕ್ಕದ ರಾಡಿಯಲ್ಲಿ ಸೀರೆ ಎತ್ತಿ ಹಿಡಿದು ನಡೆದು, ಹಿತ್ತಲ ಸಣ್ಣ ಬಾಗಿಲಿನಿಂದ ಒಳಗೆ ಬರತೊಡಗಿದ್ದರು. ರೊಟ್ಟಿ ಬಡಿಯಲು ಅವರಿಗೆ ಆಗದೆಂದು ಅವ್ವ ದಿನವೂ ನನ್ನ ಕೈಯಲ್ಲಿ ಎರಡು ರೊಟ್ಟಿ, ಪಲ್ಯ, ಗುರೆಳ್ಳಿನ ಹಿಂಡಿ ಚಟ್ನಿ ಕಳಿಸುತ್ತಿದ್ದಳು. ನಾನು ತಾಟು ಇಟ್ಟರೆ, "ಅವ್ವಗ ಹೇಳವಾ, ಭಾಳ ಉಪಕಾರ ಆತು ಅಂತ," ಅನ್ನುವರು. ಇನ್ನೊಂದು ಮಾತಿಲ್ಲ. ಶಾಲೆಯಲ್ಲಿ ಎಡಗೈಯಲ್ಲಿ ಹಲಗೆಯ ಮೇಲೆ ಬರೆಯುತ್ತಿದ್ದರು. ಊರಿಗೇ ಮಾದರಿಯಾಗಿದ್ದ ಅವರ ಅಕ್ಷರ ಒಂದೊಂದು ಒಂದೊಂದು ಕಡೆ ವಾಲುತ್ತಿತ್ತು. ಹುಡುಗರು ನಗುತ್ತಿದ್ದರು. ನನಗೆ ಅನ್ನ ಸೇರದಾಯಿತು. ಅವ್ವ ದೃಷ್ಟಿ ತೆಗೆದಳು.

ಅಪ್ಪ ಹಗ್ಗವನ್ನು ಬಿಚ್ಚಿ ತಿರುತಿರುವಿ ನೋಡಿದ. ಎಲ್ಲೂ ಹರಿದಿರಲಿಲ್ಲ. ಆ ದಿನ ಬೆಳಿಗ್ಗೆ ಗಂಟು ಹಾಕಿದ್ದು ತಾನೇ ಎಂದು ಅವನಿಗೆ ನೆನಪು. ಅಂಗಳ ದಾಟಿ ಹೋಗಿ, ಅಕ್ಕೋರ ಬಾಗಿಲ ಮುಂದೆ, ಇಡೀ ಊರು ಕೈಮುಗಿಯುವ ನನ್ನ ಅಪ್ಪ ತಲೆ ಬಗ್ಗಿಸಿ ನಿಂತ. ನಾನು ನಮ್ಮ ಕಿಟಕಿಯಲ್ಲಿದ್ದೆ.

"ನನ್ನ ಗಂಟ ಸಡ್ಲಾಗಿತ್ತು ಅಕ್ಕೋರ. ತಪ್ಪು ನಂದು. ಗುಡಗೇರಿ ಕಡೆ ನನ್ನ ಗುರತಿನ ರೈತರೊಬ್ಬರ ಹೊಲಾ ಐತಿ. ಐತವಾರ ಬಂಡಿ ತಗೊಂಡ ಬಂದು ನಾಯಿ ಒಯ್ತಾರ. ಇನ್ನ ನೀವು ಹಿತ್ತಲದಿಂದ ಬರೂದ ಬ್ಯಾಡ್ರಿ."

ಅಕ್ಕೋರು ಏನೋ ಹೇಳಲು ಬಾಯಿ ತೆರೆದರು. ಆಮೇಲೆ ಅಪ್ಪನ ಹೆಗಲ ಮೇಲಿನಿಂದ ನಮ್ಮ ಕಿಟಕಿಯನ್ನು ನೋಡಿ, ಎಡಗೈಯಿಂದ ಬಾಗಿಲು ಮುಂದೆ ಮಾಡಿಕೊಂಡರು.

ಆ ಭಾನುವಾರ ಬೆಳಿಗ್ಗೆ ಬಂಡಿಯ ಗಂಟೆಸರ ಓಣಿಯ ತುದಿಯಲ್ಲಿ ಕೇಳಿಸಿದಾಗ ನಾನು ಅಂಗಳ ದಾಟಿ ಓಡಿದೆ. ಅಕ್ಕೋರು ಎಡಗೈಯಲ್ಲಿ ಚಹಾ ಸೋಸುತ್ತಿದ್ದರು. ಹೊಸ್ತಿಲ ಮೇಲೆಯೇ ನಿಂತು ಹೇಳಿದೆ. ಹಗ್ಗ ತಾನಾಗಿ ಬಿಚ್ಚಿಕೊಂಡಿರಲಿಲ್ಲ, ಆಗ ಕಟ್ಟಿಯೇ ಇರಲಿಲ್ಲ, ಬೇಕಂತಲೇ ಹೇಳಿದೆ, ಅವ್ವನ ದನಿ ಮಾಡಿ ಹೇಳಿದೆ. ಅಳುವಿನ ನಡುವೆ ಎಷ್ಟು ತಿಳಿಯಿತೋ. ಅವರು ಪಾತ್ರೆ ಕೆಳಗಿಟ್ಟರು.

"ನನಗ ಗೊತ್ತೈತಿ," ಅಂದರು. "ಅವತ್ತ ಗೊತ್ತಾಗೇತಿ. ನೀನ ಬಂದ ಹೇಳ್ತೀಯೇನು ಅಂತ ದಾರಿ ನೋಡಾಕತ್ತಿದ್ನಿ." ಚಹಾದ ಜರಡಿ ಪಕ್ಕಕ್ಕಿಟ್ಟು, "ಸುಂದ್ರಿ ನಿನ್ನೆ ಎಲ್ಲಾ ಒಪ್ಪಿಕೊಂಡ್ಲು. ಪಾಟಿ ನೋಡಿ ಬರದಾಕಿ ಅಕಿನ. ನೋಡ, ನೀ ಖರೇ ಹೇಳಿದಾಗ ನಾ ನಂಬಲಿಲ್ಲ. ಸುಳ್ಳ ಹೇಳಿದಾಗ ನಂಬಿದ್ನಿ. ಎರಡೂ ಸಲ ತಪ್ಪಿದ್ನಲ್ಲ ಶಕ್ಕು!" ಎಂದು ಸಣ್ಣಗೆ ನಕ್ಕರು. ಆ ನಗೆ ಕಂಡು ನನ್ನ ಅಳು ಇನ್ನೂ ಜೋರಾಯಿತು. ಅವರು ಸೆರಗಿನಿಂದ ನನ್ನ ಮೂಗು ಒರೆಸಿದರು. "ನನಗ ಹೇಳಿದ್ದಾತು. ಅಪ್ಪಗ ಯಾರು ಹೇಳವರು? ಮಾಡದ ತಪ್ಪಿಗೆ ಅವರು ನನ್ನ ಮುಂದ ತಲಿ ತಗ್ಗಿಸ್ಯಾರ. ನಡಿ, ಬಂಡಿ ಬಂತು."

ತಲೆಬಾಗಿಲಲ್ಲಿ ಅಪ್ಪ ಮೋತ್ಯಾನ ಹಗ್ಗವನ್ನು ರೈತನ ಕೈಗೆ ಕೊಡುತ್ತಿದ್ದ. ನಾನು ಎಲ್ಲರ ಎದುರಿಗೆ ಹೇಳಿದೆ. ರೈತ ಮುಖ ಬೇರೆ ಕಡೆ ತಿರುಗಿಸಿದ. ಅವ್ವ ಬಾಯಿಗೆ ಸೆರಗು ಹಚ್ಚಿಕೊಂಡಳು. ಅಪ್ಪ ಹೊಡೆಯುತ್ತಾನೆಂದು ಕಣ್ಣು ಮುಚ್ಚಿ ನಿಂತೆ, ಹೊಡೆತ ಬೀಳಲಿಲ್ಲ. ಕಣ್ಣು ತೆರೆದಾಗ ಅಪ್ಪ ನನ್ನನ್ನು ಹೊಸಬಳೊಬ್ಬಳನ್ನು ನೋಡುವಂತೆ ನೋಡುತ್ತಿದ್ದ. ಅಂಗಳದ ಆ ತುದಿಯಿಂದ, ಬಾಗಿಲ ಚೌಕಟ್ಟು ಹಿಡಿದು ನಿಂತ ಅಕ್ಕೋರೇ ಮಾತಾಡಿದರು.

"ಮಾಸ್ತರ, ನಾಯಿ ಏನ ತಪ್ಪ ಮಾಡೇತ್ರಿ? ಅದು ಹೋಗೂದ ಬ್ಯಾಡ. ಕಟ್ಟಿದ್ರ ಸಾಕು. ಮತ್ತ ಶಕ್ಕುನ ನನಗ ಕೊಡ್ರಿ, ಕೈ ನೆಟ್ಟಗ ಆಗೂ ತನಕ."

ರೈತ ನಮ್ಮಲ್ಲಿ ಊಟ ಮಾಡಿ ಬರಿ ಬಂಡಿ ಹೊಡೆದುಕೊಂಡು ಹೋದ. ನಾನು ಒಂದೂವರೆ ತಿಂಗಳು ತುಂಬುವವರೆಗೂ ಅಕ್ಕೋರ ಬಲಗೈಯಾದೆ. ಅವರು ಹೇಳಿದ್ದನ್ನು ಹಲಗೆಯ ಮೇಲೆ ಬರೆದೆ, ಸಂಜೆ ಅವರ ಹಿಟ್ಟು ನಾದಿದೆ, ಜಡೆ ಹಾಕಿದೆ. ಅವರು ಹಿತ್ತಲ ದಾರಿಯನ್ನು ಮಾತ್ರ ಬಿಡಲಿಲ್ಲ. ಬಿದಿರು ಬಿಚ್ಚಿದ ಮೇಲೂ ಎಷ್ಟೋ ದಿನ ಹಾಗೆಯೇ ಬಂದರು. ನಾನು ಮಾತ್ರ ಪ್ರತಿದಿನ ಐದು ಗಂಟೆಗೇ ಮೋತ್ಯಾನನ್ನು ಕಟ್ಟಿ, ಗಂಟನ್ನು ಎರಡೆರಡು ಸಲ ಎಳೆದು ನೋಡಿ, ಕಟ್ಟೆಯ ಮೇಲೆ ಸುಮ್ಮನೆ ಕೂರುತ್ತಿದ್ದೆ. ಯಾರೂ ಹೇಳಿರಲಿಲ್ಲ. ಒಂದು ಸಂಜೆ, ಮೋಡ ಕವಿದು ಅಂಗಳವೆಲ್ಲ ನೀಲಿಯಾಗಿದ್ದಾಗ, ತಲೆಬಾಗಿಲ ಹೊರಗೆ ಚಪ್ಪಲಿಯ ಸದ್ದು ನಿಂತಿತು.

"ನಾಯಿ ಕಟ್ಟೀರೇನ್ರಿ?"

ದನಿಯಲ್ಲಿ ಹಳೆಯ ರಾಗ ಇರಲಿಲ್ಲ.

"ಕಟ್ಟೇನ್ರಿ, ಬರ್ರಿ."

"ಯಾರ ಅದು?"

"ನಾನ್ರಿ. ಶಕ್ಕು."

ಹೊಸ್ತಿಲ ಮೇಲೆ ಯಾರೂ ಕಾಣಲಿಲ್ಲ. ಅವ್ವ ಒಳಗಿನಿಂದ ಬಾಗಿಲವರೆಗೆ ಬಂದವಳು, ಉತ್ತರ ಕೊಡಲು ಬಾಯಿ ತೆರೆದು, ನನ್ನನ್ನು ನೋಡಿ ಹಿಂದೆ ಸರಿದಳು. ನಾನು ಅಷ್ಟು ಹೊತ್ತು ಇನ್ಯಾವುದಕ್ಕೂ ಕಾದವಳಲ್ಲ. ಕೊನೆಗೆ ಕೊಡೆಯ ತುದಿ ಕಂಡಿತು, ಆಮೇಲೆ ಒಂದು ಪಾದ ಹೊಸ್ತಿಲು ದಾಟಿತು. ಅಕ್ಕೋರು ನಾಯಿಯ ಕಡೆ ಕಣ್ಣಿಟ್ಟೇ ಅಂಗಳ ದಾಟಿದರು. ಬಾಗಿಲು ಹಾಕುವ ಮುಂಚೆ, "ಬಿಡವಾ ಅದನ್ನ," ಅಂದರು. ಅಷ್ಟು ಬಿಗಿದು ನಾನೇ ಹಾಕಿದ ಗಂಟನ್ನು ಬಿಚ್ಚಲು ಆಗಲಿಲ್ಲ.

ಅಕ್ಕೋರ ಅಂಜಿಕೆ ಕಡಿಮೆಯಾಗಲಿಲ್ಲ. ಅದಕ್ಕೆ ಕಾರಣವೇನೆಂದು ನಾವು ಕೇಳಲಿಲ್ಲ, ಅವರು ಹೇಳಲೂ ಇಲ್ಲ. ಎರಡು ವರ್ಷ ಕಳೆದ ಮೇಲೆ ಅವರಿಗೆ ಕಲಘಟಗಿ ಕಡೆಯ ಬಮ್ಮಿಗಟ್ಟಿಗೆ ವರ್ಗವಾಯಿತು. ಹೊರಡುವ ಬೆಳಿಗ್ಗೆ ಟ್ರಂಕು, ಹಾಸಿಗೆ ಸುರುಳಿ, ಕೊಡ ಎಲ್ಲ ಬಂಡಿ ಏರಿದವು. ಗುರಪ್ಪ ಕಾಕಾನ ಮನೆಗೆ ಹೋಗಿ ಹೇಳಿ ಬಂದರು. ನಮ್ಮ ಮನೆಯಲ್ಲಿ ಅವ್ವ ಕುಂಕುಮ ಹಚ್ಚಿ ಕುಪ್ಪಸದ ಖಣ ಕೊಟ್ಟಳು. ಅಪ್ಪ ಬಸ್ಸಿನ ಹೊತ್ತಿನ ಬಗ್ಗೆ ಮೂರು ಸಲ ಹೇಳಿದ. ಎಲ್ಲರಿಗೂ ಹೇಳಿಯಾದ ಮೇಲೆ ಅಕ್ಕೋರು ಅಂಗಳದಲ್ಲಿ ನಿಂತರು.

"ಶಕ್ಕು, ಗಂಟ ಯಾರ ಹಾಕ್ಯಾರ?"

"ನಾನ ಹಾಕೇನ್ರಿ."

ಅವರು ಮೋತ್ಯಾನ ಕಡೆ ನಡೆದು ಬಂದರು. ಒಂದು ಹೆಜ್ಜೆ, ನಿಲ್ಲುವುದು, ಇನ್ನೊಂದು ಹೆಜ್ಜೆ. ಅಷ್ಟು ಸಮೀಪ ಅವರು ತಾವಾಗಿ ಎಂದೂ ಬಂದಿರಲಿಲ್ಲ. ಹಣೆಯ ಮೇಲೆ ಬೆವರು, ಸೆರಗು ಹಿಡಿದ ಬೆರಳುಗಳು ಬೆಳ್ಳಗಾಗಿದ್ದವು. ಹಗ್ಗ ತಲುಪುವ ದೂರಕ್ಕಿಂತ ಎರಡು ಮಾರು ಆಚೆ ನಿಂತು, ಕೊಂಚ ಸೊಟ್ಟಗೆ ಕೂಡಿದ್ದ ಬಲಗೈಯನ್ನು ಎಡಗೈಗೆ ಸೇರಿಸಿ ಮುಗಿದರು.

"ನಾ ಇನ್ನ ಬರ್ತೇನ್ರಿ," ಅಂದರು ನಾಯಿಗೆ. "ನನ್ನಿಂದ ನಿಮಗ ಭಾಳ ತ್ರಾಸಾತು."

ಗುರಪ್ಪ ಕಾಕಾ ಸಹ ನಗಲಿಲ್ಲ. ಮೋತ್ಯಾ ಎದ್ದು ನಿಂತು ಬಾಲ ಆಡಿಸಿತು. ಅಕ್ಕೋರು ಚಟ್ಟನೆ ಹಿಂದೆ ಸರಿದರು, ಮತ್ತೆ ತಡೆದು ನಿಂತರು, ಸೆರಗು ಸರಿಮಾಡಿಕೊಂಡರು. ಆಮೇಲೆ ಅದಕ್ಕೆ ಬೆನ್ನು ತಿರುಗಿಸಿ, ಒಮ್ಮೆಯೂ ಹೊರಳಿ ನೋಡದೆ, ಶಾಲೆಯಲ್ಲಿ ನಡೆಯುವ ಹಾಗೆ ನೆಟ್ಟಗೆ, ನಿಧಾನವಾಗಿ ಬಂಡಿಯ ಕಡೆ ನಡೆದರು. ಅವರು ನಾಯಿಗೆ ಬೆನ್ನು ಮಾಡಿ ನಡೆದದ್ದನ್ನು ನಾನು ಕಂಡದ್ದು ಅದೊಂದೇ ಸಲ.